ಕಥೆ ಆಮೇಲೆ, ಮೊದಲು ಬಜೆಟ್: ಗ್ರಾಂಟ್ ಅರ್ಜಿಯಲ್ಲಿ ನನ್ನ ಅನುಭವ

ನಾನು ಅಮೆರಿಕದ ಒಂದು ಸಣ್ಣ ಲಾಭರಹಿತ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಮರಗೆಲಸ ಕಲಿಸುವುದು ನಮ್ಮ ಕೆಲಸ. ನಮ್ಮ ನಾಲ್ಕು ಬಡಗಿಗಳನ್ನು ನೇಪಾಳದ ಭಕ್ತಪುರಕ್ಕೆ ಕರೆದುಕೊಂಡು ಹೋಗಬೇಕು, ಅಲ್ಲಿನ ಮರ ಕೆತ್ತನೆಗಾರರ ಜೊತೆ ಹನ್ನೆರಡು ದಿನ ಒಂದೇ ಮಾಡಿನ ಕೆಳಗೆ ಕೂರಿಸಬೇಕು ಅನ್ನುವುದು ನಮ್ಮ ಆಸೆಯಾಗಿತ್ತು. ಅದಕ್ಕೆ ಅಮೆರಿಕ ಸರ್ಕಾರದ ಪಬ್ಲಿಕ್ ಡಿಪ್ಲೊಮಸಿ ಗ್ರಾಂಟ್ ಕೇಳಿದೆವು. ಒಂದು ದೇಶದ ಸರ್ಕಾರ ಇನ್ನೊಂದು ದೇಶದ ಸರ್ಕಾರದ ಜೊತೆ ಅಲ್ಲ, ಅಲ್ಲಿನ ಜನರ ಜೊತೆ ನೇರವಾಗಿ ಮಾತಾಡಲು ಇಟ್ಟಿರುವ ದುಡ್ಡು ಇದು. 1961ರ ಫುಲ್‌ಬ್ರೈಟ್-ಹೇಸ್ ಕಾಯ್ದೆ ಇದರ ಹಿಂದಿದೆ.

2022ರಲ್ಲಿ ಮೊದಲ ಸಲ ಅರ್ಜಿ ಹಾಕಿದೆವು. ಹದಿನೈದು ದಿನ ಕೂತು ನಾನೇ ಬರೆದೆ. ಯೋಜನೆ ಏನು, ಏಕೆ ಅಂತ ವಿವರಿಸುವ ಭಾಗಕ್ಕೆ ನಾನು ಕಥೆ ಅನ್ನುತ್ತೇನೆ. ಅದರಲ್ಲಿ ಭಕ್ತಪುರದ ಕಿಟಕಿಗಳ ಬಗ್ಗೆಯೇ ಎರಡು ಪುಟ ಬರೆದಿದ್ದೆ. ತಿಕಿಝ್ಯಾ ಅಂತ ಒಂದು ಜಾಲರಿ ಕಿಟಕಿ ಇದೆ. ನೂರಾರು ಸಣ್ಣ ಮರದ ತುಂಡುಗಳು ಒಂದರೊಳಗೊಂದು ಕಚ್ಚಿಕೊಂಡು ನಿಲ್ಲುತ್ತವೆ. ಮೊಳೆ ಇಲ್ಲ, ಅಂಟು ಇಲ್ಲ. ಬರೆಯುತ್ತಾ ನನಗೇ ಖುಷಿಯಾಗಿತ್ತು. ಬಜೆಟ್ ಮಾತ್ರ ಕೊನೆಯ ರಾತ್ರಿ ತುಂಬಿದೆ. ಅದರಲ್ಲಿ ‘ಕಾರ್ಯಾಗಾರದ ಖರ್ಚು, 6,000 ಡಾಲರ್’ ಅಂತ ಒಂದೇ ಸಾಲು.

ಅರ್ಜಿ ಬಿದ್ದುಹೋಯಿತು. ಚಟುವಟಿಕೆಗೂ ಖರ್ಚಿಗೂ ಸಂಬಂಧ ಕಾಣುತ್ತಿಲ್ಲ ಅಂತ ಕಾರಣ ಬರೆದಿದ್ದರು. ಆ ಒಂದು ವಾಕ್ಯ ನನಗೆ ತುಂಬಾ ಕಲಿಸಿತು.

ಎರಡನೇ ಸಲ ಉಲ್ಟಾ ಮಾಡಿದೆ. ಕಥೆಯ ಒಂದು ಅಕ್ಷರ ಬರೆಯುವ ಮೊದಲು ಭಕ್ತಪುರದ ನಮ್ಮ ಜೊತೆಗಾರರನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿಕೊಂಡು, ಖಾಲಿ ಹಾಳೆಯಲ್ಲಿ ದಿನಕ್ಕೊಂದು ಸಾಲು ಹಾಕಿದೆ. ಮೊದಲ ದಿನ ಬೆಳಿಗ್ಗೆ ಯಾರು ಎಲ್ಲಿರುತ್ತಾರೆ? ಮರ ಯಾರು ತರುತ್ತಾರೆ? ಮಧ್ಯಾಹ್ನ ಊಟ ಎಲ್ಲಿ? ಹೀಗೆ ಕೇಳುತ್ತಾ ಹೋದೆವು. ನಾನು ಅಕ್ಟೋಬರ್ ಅಂದಿದ್ದೆ. ಅವರು ಥಟ್ಟನೆ ಬೇಡ ಅಂದರು. ಆಗ ದಸೈಂ ಹಬ್ಬ, ಅದರ ಹಿಂದೆಯೇ ತಿಹಾರ್. ಯಾರೂ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ನವೆಂಬರ್ ಕೊನೆಗೆ ಇಟ್ಟುಕೊಂಡೆವು.

ಆಮೇಲೆ ದುಭಾಷಿಯ ಸಾಲು ಬಂತು. ನೇಪಾಳಿ ಬಲ್ಲ ಒಬ್ಬರನ್ನು ಬರೆದುಕೊಂಡಿದ್ದೆ. ಜೊತೆಗಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಿರಿಯ ಕೆತ್ತನೆಗಾರರು ಕೆಲಸದ ಮಾತೆಲ್ಲ ಆಡೋದು ನೇವಾರಿಯಲ್ಲಿ. ಉಳಿಯ ಹೆಸರು, ಕಚ್ಚಿನ ಹೆಸರು, ಎಲ್ಲ ಅದರಲ್ಲೇ. ಅದನ್ನು ಯಾರು ಹೇಳುತ್ತಾರೆ?’ ಅಂತ ಕೇಳಿದರು. ನೇವಾರಿ ಅಂದರೆ ಅಲ್ಲಿನ ನೇವಾರ ಜನರ ಮಾತು, ನೇಪಾಳಿಗಿಂತ ಬೇರೆಯೇ ಭಾಷೆ. ನನಗೆ ಎದೆ ಧಸಕ್ಕೆಂದಿತು. ಹಿಂದಿನ ವರ್ಷ ಗ್ರಾಂಟ್ ಸಿಕ್ಕಿದ್ದರೆ ಹನ್ನೆರಡು ದಿನವೂ ಎರಡು ಗುಂಪು ಎದುರುಬದುರು ಕೂತು ಸುಮ್ನೆ ನಗುತ್ತಿದ್ದವು, ಅಲ್ವಾ? ಇಬ್ಬರು ದುಭಾಷಿಗಳು, ದಿನಕ್ಕೆ ತಲಾ 45 ಡಾಲರ್, 12 ದಿನ, ಒಟ್ಟು 1,080. ಇಡೀ ಬಜೆಟ್‌ನಲ್ಲಿ ಇದು ಸಣ್ಣ ಸಾಲು. ಯೋಜನೆ ನಿಂತಿದ್ದು ಇದರ ಮೇಲೆ.

ಹೀಗೆ ಸಾಲುಗಳು ಸೇರಿದ ಮೇಲೆ ಕಥೆ ಬರೆಯಲು ಎರಡೇ ದಿನ ಸಾಕಾಯಿತು. ಪ್ರತಿ ಖರ್ಚಿನ ಪಕ್ಕ ಅದು ಏಕೆ ಬೇಕು ಅನ್ನುವ ಒಂದು ವಾಕ್ಯ ಇತ್ತು. ಅವನ್ನೇ ಜೋಡಿಸಿದೆ.

ಕೆಲವನ್ನು ಬಿಡಬೇಕಾಯಿತು. ಬಡ ಕೆತ್ತನೆಗಾರರಿಗೆ ಉಳಿಗಳನ್ನು ಕೊಡಬೇಕು ಅಂದುಕೊಂಡಿದ್ದೆವು. ಆದರೆ ದಾನಧರ್ಮ, ಅಭಿವೃದ್ಧಿ ಕೆಲಸ, ಕಟ್ಟಡ ಕೆಲಸಕ್ಕೆ ಈ ದುಡ್ಡು ಬಳಸುವಂತಿಲ್ಲ. ಯೋಜನೆಯಲ್ಲಿ ಅಮೆರಿಕದ ಕಲೆಯೋ ಪರಿಣತರೋ ಇರಲೇಬೇಕು. ನಮ್ಮ ಬಡಗಿಗಳೇ ಇದ್ದರಲ್ಲ, ಅದು ಕಷ್ಟವಾಗಲಿಲ್ಲ. ವಿಮಾನದ ಟಿಕೆಟ್ ಮಾತ್ರ ನೋವು ಕೊಟ್ಟಿತು. ಗಲ್ಫ್ ದೇಶದ ವಿಮಾನದಲ್ಲಿ ಒಬ್ಬರಿಗೆ ಸುಮಾರು 300 ಡಾಲರ್ ಕಡಿಮೆ ಇತ್ತು. ಆದರೆ ಫ್ಲೈ ಅಮೆರಿಕ ಕಾಯ್ದೆ ಪ್ರಕಾರ ಸಾಧ್ಯವಾದಷ್ಟು ದೂರ ಅಮೆರಿಕದ ಕಂಪನಿಯ ವಿಮಾನದಲ್ಲೇ ಹೋಗಬೇಕು. ಕೋಡ್‌ಶೇರ್ ಟಿಕೆಟ್, ಅಂದರೆ ಒಂದು ಕಂಪನಿ ಮಾರಿ ಇನ್ನೊಂದರ ವಿಮಾನದಲ್ಲಿ ಕೂರಿಸುವ ಟಿಕೆಟ್ ಆದರೂ ಪರವಾಗಿಲ್ಲ, ಟಿಕೆಟ್ ಮೇಲೆ ಅಮೆರಿಕದ ಕಂಪನಿಯ ಕೋಡ್ ಇರಬೇಕು. ದರ ಕಡಿಮೆ ಅನ್ನುವುದು ಕಾರಣವಾಗುವುದಿಲ್ಲ. ಇದು ಗೊತ್ತಿಲ್ಲದೆ ಬಜೆಟ್ ಹಾಕಿದರೆ ಆಮೇಲೆ ಆ ವ್ಯತ್ಯಾಸ ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳದಂಥ ಪರೋಕ್ಷ ಖರ್ಚಿಗೆ ಆಗ 10 ಶೇಕಡಾ ಕೇಳಬಹುದಿತ್ತು. 2024ರ ಅಕ್ಟೋಬರ್‌ನಿಂದ ಆ ಮಿತಿ 15 ಆಗಿದೆ. ಸಣ್ಣ ಸಂಸ್ಥೆಗಳು ನಾಚಿಕೆಪಟ್ಟು ಇದನ್ನು ಬಿಟ್ಟುಬಿಡುತ್ತವೆ. ಬಿಡಬೇಡಿ.

ಇನ್ನು ನೋಂದಣಿ. ಅಮೆರಿಕ ಸರ್ಕಾರದ ಜಾಲತಾಣ ಸ್ಯಾಮ್ ಡಾಟ್ ಗವ್‌ನಲ್ಲಿ ಹೆಸರು ಹಾಕಿ ಸಂಸ್ಥೆಗೆ 12 ಅಕ್ಷರ-ಅಂಕಿಗಳ ಯುಇಐ ಗುರುತು ಪಡೆಯಬೇಕು. ನಮ್ಮ ಸಂಸ್ಥೆಯ ಹೆಸರು ತೆರಿಗೆ ದಾಖಲೆಯಲ್ಲಿ ಒಂದು ಥರ, ಅಲ್ಲಿ ಇನ್ನೊಂದು ಥರ ಇತ್ತು. ಅದು ಸರಿಹೋಗಲು ಏಳು ವಾರ ಬೇಕಾಯಿತು. ಅರ್ಜಿ ಕರೆಯುವ ಪ್ರಕಟಣೆ ಬಂದ ಮೇಲೆ ಶುರು ಮಾಡಿದರೆ ಕೆಟ್ಟಿರಿ. ಪ್ರತಿ ವರ್ಷ ನವೀಕರಿಸಬೇಕು. ಇದು ಪೂರ್ತಿ ಉಚಿತ. ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇವೆ ಅಂತ ಇಮೇಲ್‌ಗಳು ಬರುತ್ತವೆ, ಯಾರಿಗೂ ಕೊಡಬೇಡಿ.

ಸೆಪ್ಟೆಂಬರ್ 30ಕ್ಕೆ ಅಮೆರಿಕ ಸರ್ಕಾರದ ಹಣಕಾಸು ವರ್ಷ ಮುಗಿಯುತ್ತದೆ. ನಮಗೆ ಒಪ್ಪಂದದ ಕಾಗದ ಬಂದಿದ್ದು ಅದಕ್ಕೆ ಕೆಲವೇ ದಿನ ಮೊದಲು, 2023ರಲ್ಲಿ. ಗ್ರಾಂಟ್ ಮಂಜೂರು ಮಾಡುವ ಅಧಿಕಾರ ಇರುವ ಗ್ರಾಂಟ್ಸ್ ಆಫೀಸರ್ ಸಹಿ ಬೀಳುವವರೆಗೆ ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ. ಉಳಿದ ಅಧಿಕಾರಿಗಳು ಎಷ್ಟೇ ಪ್ರೀತಿಯಿಂದ ‘ಆಗುತ್ತೆ’ ಅಂದರೂ ಅದು ಸಹಿ ಅಲ್ಲ. ನಮ್ಮ ಜೊತೆಗಾರರು ಮರ ತುಟ್ಟಿಯಾಗುತ್ತೆ ಅಂತ ಆಗಸ್ಟ್‌ನಲ್ಲೇ ಮುಂಗಡ ಕೊಡಲು ಹೊರಟಿದ್ದರು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ತಡೆದೆ.

ಕಾರ್ಯಾಗಾರದ ಮೂರನೇ ದಿನ ನೆನಪಿದೆ. ಹಿರಿಯ ಕೆತ್ತನೆಗಾರರೊಬ್ಬರು ನಮ್ಮ ಬಡಗಿಯ ಕೈಯಿಂದ ಅಳತೆಪಟ್ಟಿ ತೆಗೆದು ಪಕ್ಕಕ್ಕಿಟ್ಟರು. ಒಂದು ತುಂಡನ್ನು ಇನ್ನೊಂದರ ಮೇಲಿಟ್ಟು ಉಗುರಿನಿಂದ ಗೆರೆ ಎಳೆದು ಏನೋ ಹೇಳಿದರು. ನೇವಾರಿ ದುಭಾಷಿ ಹೇಳಿದ್ದು ಇಷ್ಟೇ: ‘ಪಟ್ಟಿಯನ್ನು ಕೇಳಬೇಡ, ಪಕ್ಕದ ತುಂಡನ್ನು ಕೇಳು ಅನ್ನುತ್ತಿದ್ದಾರೆ.’ ನಮ್ಮ ಬಡಗಿ ಮಧ್ಯಾಹ್ನದವರೆಗೂ ಪಟ್ಟಿ ಮುಟ್ಟಲಿಲ್ಲ.

ವರದಿಯಲ್ಲಿ ಇಂಥದ್ದನ್ನೂ ಬರೆದೆ. ಆದರೆ ಅದೊಂದೇ ಸಾಲದು. ಎಷ್ಟು ಜನ ಬಂದರು ಅನ್ನುವುದಕ್ಕಿಂತ ಬಂದವರಲ್ಲಿ ಏನು ಬದಲಾಯಿತು ಅಂತ ಗ್ರಾಂಟ್ ಕೊಟ್ಟವರು ಕೇಳುತ್ತಾರೆ. ಅದಕ್ಕೆ ಮೊದಲ ದಿನ ಮತ್ತು ಕೊನೆಯ ದಿನ ಅದೇ ಐದು ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡಿದ್ದೆವು.

ಯೋಜನೆ ಮುಗಿದು 120 ದಿನದೊಳಗೆ ಕೊನೆಯ ಲೆಕ್ಕ ಕೊಡಬೇಕು. ರಸೀದಿ ಹರಡಿಕೊಂಡು ಕೂತಾಗ ಎಲ್ಲದರ ಮೇಲೂ 2080 ಅಂತ ಇಸವಿ. ನೇಪಾಳದಲ್ಲಿ ವಿಕ್ರಮ ಸಂವತ್, ತಿಂಗಳು ಮಂಸಿರ್. ಒಂದೊಂದರ ಪಕ್ಕವೂ ಇಂಗ್ಲಿಷ್ ತಾರೀಕು, ಡಾಲರ್ ಮೊತ್ತ, ಏನು ಕೊಂಡಿದ್ದು ಅಂತ ಪೆನ್ಸಿಲಿನಲ್ಲಿ ಬರೆಯಲು ನಾಲ್ಕು ಸಂಜೆ ಹಿಡಿಯಿತು. ಮೂರು ವರ್ಷ ಅವನ್ನು ಕಾದಿಡಬೇಕು. ಆ ಡಬ್ಬಿ ಈಗಲೂ ನನ್ನ ಮೇಜಿನ ಕೆಳಗಿದೆ. ದುಭಾಷಿಗಳ ಎರಡು ರಸೀದಿ ಎಲ್ಲಕ್ಕಿಂತ ಮೇಲಿವೆ.