ಕ್ಯಾನ್-ಆಮ್ ಸ್ಪೈಡರ್: ಶಾಕ್‌ಗಿಂತ ಮೊದಲು ಸ್ವೇ ಬಾರ್

ತಿರುವಿನಲ್ಲಿ ಹೊರಮಗ್ಗುಲಿಗೆ ವಾಲುತ್ತದೆ, ಹ್ಯಾಂಡಲ್ ನಿಲ್ಲದೆ ಸಣ್ಣಗೆ ಅಲೆದಾಡುತ್ತದೆ, ಹೆದ್ದಾರಿಯಲ್ಲಿ ಪಕ್ಕದ ಗಾಳಿ ಬೀಸಿದರೆ ಲೇನ್ ಬಿಟ್ಟು ಸರಿಯುತ್ತದೆ. ಕ್ಯಾನ್-ಆಮ್ ಸ್ಪೈಡರ್ ಎಂಬ ಮೂರು ಚಕ್ರದ ವಾಹನ ಕೊಂಡವರು ಹೇಳುವ ದೂರುಗಳು ಹೆಚ್ಚಾಗಿ ಈ ಮೂರೇ. ಪರಿಹಾರಕ್ಕೆಂದು ಬಹಳ ಜನ ನೇರವಾಗಿ ದುಬಾರಿ ಶಾಕ್‌ಗಳಿಗೆ ಕೈಹಾಕುತ್ತಾರೆ. ಹಣ ಹೋಗುತ್ತದೆ, ವಾಲಾಟ ಮುಕ್ಕಾಲು ಪಾಲು ಹಾಗೇ ಉಳಿಯುತ್ತದೆ. ಕ್ರಮ ಹೀಗಿರಲಿ: ಟೈರಿನ ಗಾಳಿ, ವಾಲಾಟ ತಡೆಯುವ ಸರಳಾದ ಸ್ವೇ ಬಾರ್, ಆಮೇಲೂ ಬೇಕೆನಿಸಿದರೆ ಶಾಕ್, ಎಲ್ಲಕ್ಕೂ ಕೊನೆಗೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ದಿಕ್ಕನ್ನು ಸರಿಹೊಂದಿಸುವುದು.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬಿಆರ್‌ಪಿ ಕಂಪನಿ 2007ರಲ್ಲಿ ಪರಿಚಯಿಸಿದ ಸ್ಪೈಡರ್‌ನಲ್ಲಿ ಮುಂದೆ ಎರಡು ಚಕ್ರ, ಹಿಂದೆ ಒಂದು. ನಮ್ಮ ಆಟೋರಿಕ್ಷಾವನ್ನು ತಿರುಗಿಸಿ ನಿಲ್ಲಿಸಿದ ಹಾಗೆ. ಆಟೋ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಮುಗ್ಗರಿಸುತ್ತದೆ, ಏಕೆಂದರೆ ಭಾರ ಒಂಟಿ ಚಕ್ರದ ಕಡೆಗೆ ಹೋಗುತ್ತದೆ. ಸ್ಪೈಡರ್‌ನಲ್ಲಿ ಬ್ರೇಕ್ ಹಿಡಿದರೆ ಭಾರ ಅಗಲವಾದ ಮುಂಭಾಗಕ್ಕೆ ಬರುತ್ತದೆ. ತಿರುವಿನ ನಡುವೆ ಥ್ರಾಟಲ್ ತಿರುಚಿದಾಗಲೇ ಎಚ್ಚರ ಬೇಕು. ಹಿಂದೆ ಎರಡು ಚಕ್ರವಿರುವ ಹಾರ್ಲೆ ಟ್ರೈ ಗ್ಲೈಡ್‌ಗಾಗಲಿ, ಬೈಕಿನಂತೆ ಒಳಕ್ಕೆ ಬಾಗುವ ಪಿಯಾಜಿಯೊ ಎಂಪಿ3ಗಾಗಲಿ ಇಲ್ಲಿನ ಮಾತು ಹೊಂದುವುದಿಲ್ಲ.

ಮೊದಲು ಗಾಳಿ. ಮುಂದಿನ ಟೈರಿಗೆ ಸುಮಾರು 15 ಪಿಎಸ್‌ಐ, ಹಿಂದಿನದಕ್ಕೆ 28. ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಟೈರ್ ಅಂಗಡಿಯವರು ಕಾರಿನ ಅಭ್ಯಾಸದಲ್ಲಿ ಮುಂದಕ್ಕೆ 30 ತುಂಬಿಬಿಡುತ್ತಾರೆ. ಆಗ ಟೈರಿನ ನಡುಭಾಗ ಮಾತ್ರ ನೆಲಕ್ಕೆ ಕೂರುತ್ತದೆ, ಹ್ಯಾಂಡಲ್ ಚಂಚಲವಾಗುತ್ತದೆ, ಗುಂಡಿ ಬಿದ್ದರೆ ನೇರ ಮೈಗೆ ಬಡಿಯುತ್ತದೆ. ತಣ್ಣಗಿರುವಾಗ ಅಳೆಯಿರಿ. ಕೆಲವರ ದೂರು ಇಲ್ಲಿಗೇ ಮುಗಿಯುತ್ತದೆ.

ಸ್ವೇ ಬಾರ್ ಏಕೆ

ಮುಂದಿನ ಎರಡು ಚಕ್ರಗಳ ಎ-ಆರ್ಮ್‌ಗಳನ್ನು (ಚಕ್ರವನ್ನು ಫ್ರೇಮಿಗೆ ಹಿಡಿದಿಡುವ ತೋಳುಗಳು) ಜೋಡಿಸುವ ಉಕ್ಕಿನ ಸರಳು ಸ್ವೇ ಬಾರ್. ತಿರುವಿನಲ್ಲಿ ಹೊರಗಿನ ಚಕ್ರ ಕುಗ್ಗಿ ಒಳಗಿನದು ಇಳಿದಾಗ ಈ ಸರಳು ತಿರುಚಿಕೊಂಡು ವಾಲಾಟವನ್ನು ತಡೆಯುತ್ತದೆ. ಎರಡೂ ಚಕ್ರ ಒಟ್ಟಿಗೆ ಉಬ್ಬು ಹತ್ತಿದಾಗ ಅದು ಸುಮ್ಮನೆ ತಿರುಗುತ್ತದೆ ಅಷ್ಟೇ, ಆದ್ದರಿಂದ ಕೂತ ಸುಖ ಹೆಚ್ಚೇನೂ ಕೆಡುವುದಿಲ್ಲ. ತಿರುಚುವುದಕ್ಕೆ ಗಟ್ಟಿ ಸರಳು ಒಡ್ಡುವ ಪ್ರತಿರೋಧ ಅದರ ವ್ಯಾಸದ ನಾಲ್ಕನೇ ಘಾತದಷ್ಟು ಏರುತ್ತದೆ: 20 ಮಿಲಿಮೀಟರಿನದನ್ನು 22 ಮಾಡಿದರೆ ದಪ್ಪ ಹೆಚ್ಚಿದ್ದು ಶೇ 10, ಬಿಗಿ ಹೆಚ್ಚಿದ್ದು ಸುಮಾರು ಶೇ 46. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಫಲ ಕೊಡುವ ಭಾಗ ಈ ವಾಹನದಲ್ಲಿ ಮತ್ತೊಂದಿಲ್ಲ.

ಹಾಗೆಂದು ಸಿಕ್ಕಿದ್ದರಲ್ಲಿ ಅತಿ ದಪ್ಪದ್ದನ್ನು ತರಬೇಡಿ. ಅತಿಯಾದರೆ ಒಂದು ಚಕ್ರಕ್ಕೆ ಸಿಕ್ಕ ಗುಂಡಿ ಇನ್ನೊಂದಕ್ಕೂ ದಾಟಿ ತಲೆ ಆಚೀಚೆ ಕುಲುಕುತ್ತದೆ, ತಿರುವಿನಲ್ಲಿ ಒಳಚಕ್ರ ನೆಲದ ಹಿಡಿತ ಬೇಗ ಬಿಡುತ್ತದೆ. ಕೊಳ್ಳುವಾಗ ವರ್ಷ ನೋಡಿ: 2008ರಿಂದ 2012ರ ಮಾದರಿಗಳಿಗೂ 2013ರಿಂದ ಈಚಿನವಕ್ಕೂ ಮುಂಭಾಗದ ರಚನೆ ಬೇರೆ. ಹಳೆಯದರಲ್ಲಿ ಮುಂದಿನ ಚಕ್ರ 14 ಇಂಚು, ಹೊಸದರಲ್ಲಿ 15. ಬಾರ್ ಒಂದರದ್ದು ಒಂದಕ್ಕೆ ಕೂರದು. ಕಿಟ್‌ನಲ್ಲಿ ಹೈಮ್ ಜಾಯಿಂಟ್ (ಗುಂಡಿನ ಮೇಲೆ ಎಲ್ಲ ಕಡೆ ಆಡುವ ಲೋಹದ ಕೀಲು) ಇರುವ, ಉದ್ದ ಹೊಂದಿಸಬಹುದಾದ ಲಿಂಕ್‌ಗಳೂ (ಬಾರಿನ ತುದಿಯನ್ನು ಎ-ಆರ್ಮ್‌ಗೆ ಸೇರಿಸುವ ಕಡ್ಡಿಗಳು) ಇರಲಿ. ಬಾರ್ ಬಿಗಿ, ಲಿಂಕ್ ಸಡಿಲ ಎಂದಾದರೆ ತಿರುವಿನ ಮೊದಲ ಕ್ಷಣದಲ್ಲಿ ಬಾರ್ ಕೆಲಸವನ್ನೇ ಮಾಡುವುದಿಲ್ಲ.

ಕೂರಿಸುವ ಬಗೆ

ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಕೀ ತೆಗೆದು, ಪಾರ್ಕಿಂಗ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡೆ ಕೊಡಿ. ಮುಂಭಾಗವನ್ನು ಫ್ರೇಮ್ ಕೆಳಗೆ ಜಾಕ್ ಕೊಟ್ಟು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಎರಡು ಚಕ್ರಗಳೂ ಒಂದೇ ಎತ್ತರದಲ್ಲಿ ತೂಗಬೇಕು, ಇಲ್ಲವಾದರೆ ತಿರುಚಿಕೊಂಡಿರುವ ಬಾರ್ ಬೋಲ್ಟು ಬಿಚ್ಚಿದ ಕೂಡಲೇ ಚಿಮ್ಮಿ ಕೈಗೆ ಬಡಿಯುತ್ತದೆ. ಅಡ್ಡವಿರುವ ಪ್ಯಾನೆಲ್‌ಗಳನ್ನು ತೆಗೆಯಿರಿ. ಕೆಲಸದ ಅರ್ಧ ಸಮಯ ಹೋಗುವುದು ಇಲ್ಲೇ. ಪ್ಲಾಸ್ಟಿಕ್ ಕ್ಲಿಪ್ ಮುರಿಯುವುದು ಚಳಿಯಲ್ಲಿ ಹೆಚ್ಚು, ಬೆಚ್ಚಗಿನ ಗರಾಜ್ ಇದ್ದರೆ ಒಳ್ಳೆಯದು. ತೆಗೆದ ಸ್ಕ್ರೂಗಳನ್ನು ಪ್ಯಾನೆಲ್‌ವಾರು ಡಬ್ಬಿಗಳಲ್ಲಿ ಇಡಿ, ಅವುಗಳ ಉದ್ದ ಬೇರೆ ಬೇರೆ.

ಲಿಂಕ್‌ಗಳ ನಟ್ಟು ಬಿಚ್ಚಿ. ಬಾಲ್ ಜಾಯಿಂಟ್ ತಾನೂ ಸುತ್ತತೊಡಗಿದರೆ ಅದರ ಪಿನ್ನನ್ನು ಹಿಡಿದುಕೊಂಡು ತಿರುಗಿಸಿ. ಬಾರ್ ಕೂರುವ ಮೆತ್ತೆಯಾದ ಬುಷ್‌ನ ಹಿಡಿಕೆಗಳ ಬೋಲ್ಟು ತೆಗೆದು ಹಳೆಯ ಬಾರನ್ನು ಪಕ್ಕಕ್ಕೆ ಜಾರಿಸಿ ಹೊರಗೆಳೆಯಿರಿ, ಬ್ರೇಕ್ ಹೋಸ್‌ಗೆ ತಾಗದಂತೆ. ಹೊಸ ಬುಷ್ ಒಳಗೆ ಕಿಟ್ ಜೊತೆ ಬಂದ ಗ್ರೀಸನ್ನೇ ಹಚ್ಚಿ. ಹಿಡಿಕೆಗಳನ್ನು ಮೊದಲು ಬೆರಳಲ್ಲಿ ಮಾತ್ರ ಬಿಗಿಸಿ, ಬಾರ್ ಎರಡೂ ಬದಿಗೆ ಸಮನಾಗಿ ಚಾಚಿದೆಯೇ ಟೇಪಿನಲ್ಲಿ ಅಳೆದು ನೋಡಿ, ಆಮೇಲೆ ಎಡಬಲ ಬದಲಾಯಿಸುತ್ತಾ ಸರ್ವಿಸ್ ಕೈಪಿಡಿಯ ಅಂಕಿಗೆ ಟಾರ್ಕ್ ರೆಂಚಿನಲ್ಲಿ ಬಿಗಿಸಿ.

ಒಂದು ಬದಿಯ ಲಿಂಕ್ ಜೋಡಿಸಿ, ವಾಹನ ಕೆಳಗಿಳಿಸಿ, ನಾಲ್ಕು ಹೆಜ್ಜೆಯಷ್ಟು ಮುಂದಕ್ಕೂ ಹಿಂದಕ್ಕೂ ಉರುಳಿಸಿ. ಜಾಕ್‌ನಿಂದ ಇಳಿದ ಟೈರ್‌ಗಳು ಒಳಕ್ಕೆ ಸೆಳೆದುಕೊಂಡು ನಿಂತಿರುತ್ತವೆ, ಉರುಳಿಸದೆ ಅಳೆದರೆ ಎತ್ತರ ಸುಳ್ಳು ಹೇಳುತ್ತದೆ. ಈಗ ಸವಾರರು ಸೀಟಿನ ಮೇಲೆ ಕುಳಿತಿರಲಿ. ಎರಡನೆಯ ಲಿಂಕಿನ ಉದ್ದವನ್ನು ಅದರ ಬೋಲ್ಟು ಬರಿಗೈಯಲ್ಲೇ ತೂತಿಗೆ ಜಾರುವ ಹಾಗೆ ಹೊಂದಿಸಿ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಬಾರ್ ನೇರ ರಸ್ತೆಯಲ್ಲೇ ತಿರುಚಿಕೊಂಡಿರುತ್ತದೆ, ವಾಹನ ಒಂದು ಕಡೆ ತಗ್ಗಿ ಅತ್ತಲೇ ಎಳೆಯುತ್ತದೆ. ಹೊಸ ನೈಲಾನ್ ಲಾಕ್ ನಟ್ಟು ಬಳಸಿ, ಹೈಮ್ ಜಾಯಿಂಟಿನ ಲಾಕ್ ನಟ್ಟು ಬಿಗಿಸುವಾಗ ಗುಂಡು ಎರಡೂ ಕಡೆ ಸಮನಾಗಿ ಆಡುವಂತಿರಲಿ. ಕೊನೆಗೆ ಮುಂಭಾಗ ಮತ್ತೆ ಎತ್ತಿ, ಚಕ್ರಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಬಾರ್ ಎಲ್ಲೂ ಹೋಸ್‌ಗೋ ಟೈ ರಾಡ್‌ಗೋ (ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಸರಳು) ತಾಗದೆಂದು ಕಣ್ಣಾರೆ ನೋಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನು ಮರುಪರೀಕ್ಷಿಸಿ.

ಶಾಕ್: ಪ್ರಿಲೋಡ್ ಎಂಬ ಗೊಂದಲ

ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುವ, ಅಂದರೆ ಪ್ರಿಲೋಡ್ ಕೊಡುವ, ಅಗ್ಗದ ಹಿಡಿಕೆಗಳು ಸಿಗುತ್ತವೆ. ಹಾಕಿದವರು ಸಸ್ಪೆನ್ಷನ್ ಗಟ್ಟಿಯಾಯಿತು ಎನ್ನುತ್ತಾರೆ. ಸಾಧಾರಣ ಸ್ಪ್ರಿಂಗಿಗೆ ಪ್ರಿಲೋಡ್ ಕೊಟ್ಟರೆ ಅದರ ಗಟ್ಟಿತನ ಬದಲಾಗುವುದಿಲ್ಲ, ವಾಹನ ಮೇಲೇಳುತ್ತದೆ ಅಷ್ಟೇ. ಮೇಲೆದ್ದಂತೆ ಭಾರದ ಕೇಂದ್ರವೂ ಏರುತ್ತದೆ, ಒಳಚಕ್ರಕ್ಕೆ ಕೆಳಗಿಳಿಯಲು ಜಾಗ ಕಡಿಮೆಯಾಗಿ ಅದು ಬೇಗ ನೆಲ ಬಿಡುತ್ತದೆ. ಇಬ್ಬರು ಕೂತು ಸಾಮಾನು ಹೇರಿ ಮುಂಭಾಗ ತಗ್ಗಿದ್ದರೆ ಮಾತ್ರ ಅದು ಸರಿಯಾದ ಮದ್ದು.

ನಿಜವಾದ ಬದಲಾವಣೆ ಬೇಕಾದರೆ ಸ್ಪ್ರಿಂಗ್ ಮತ್ತು ಡ್ಯಾಂಪಿಂಗ್ (ಸ್ಪ್ರಿಂಗಿನ ಕುಣಿತ ತಡೆಯುವ ಬಲ) ಎರಡೂ ಬದಲಾಗಬೇಕು. ಕ್ವಿಬೆಕ್‌ನದೇ ಆದ ಎಲ್ಕಾದಂಥ ತಯಾರಕರು ಸವಾರರ, ಹಿಂದೆ ಕೂರುವವರ, ಸಾಮಾನಿನ ತೂಕ ಕೇಳಿ ಸ್ಪ್ರಿಂಗ್ ಆರಿಸಿ ಕೊಡುತ್ತಾರೆ. ಅಲ್ಲಿ ಸತ್ಯವಾದ ತೂಕ ಹೇಳಿ, ನಾಚಿಕೆಗೆ ಹತ್ತು ಕಿಲೋ ಇಳಿಸಿದರೆ ಹಣ ದಂಡ. ಬಿಚ್ಚಿ ಹಾಕುವುದು ಕಷ್ಟವಲ್ಲ: ಒಂದೊಂದೇ ಬದಿ, ಎ-ಆರ್ಮ್ ಕೆಳಗೆ ಸಣ್ಣ ಜಾಕ್ ಆಸರೆ, ಮೇಲಿನ ಕೆಳಗಿನ ಬೋಲ್ಟು. ರಬ್ಬರ್ ಬುಷ್ ಇದ್ದರೆ ಅಂತಿಮ ಬಿಗಿತ ಚಕ್ರ ನೆಲದ ಮೇಲಿರುವಾಗಲೇ ಆಗಬೇಕು. ನೈಟ್ರೋಜನ್ ತುಂಬಿದ ಶಾಕಿನ ವಾಲ್ವನ್ನು ಎಂದಿಗೂ ಮುಟ್ಟಬೇಡಿ.

ಹಾಕಿದ ಮೇಲೆ ಸ್ಯಾಗ್, ಅಂದರೆ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎಂಬುದನ್ನು ಅಳೆಯಬೇಕು. ಚಕ್ರ ತೂಗುತ್ತಿರುವಾಗ ಆಕ್ಸಲ್ ನಡುವಿನಿಂದ ಬಾಡಿಯ ಒಂದು ಗುರುತಿಗೆ ದೂರ ಬರೆದುಕೊಳ್ಳಿ. ಇಳಿಸಿ, ಉರುಳಿಸಿ, ಸವಾರರು ಕುಳಿತಾಗ ಅದೇ ದೂರ ಮತ್ತೆ. ಮುಂಭಾಗವನ್ನು ಒತ್ತಿ ಬಿಟ್ಟು ಒಮ್ಮೆ, ಎತ್ತಿ ಬಿಟ್ಟು ಒಮ್ಮೆ ಅಳೆದು ಸರಾಸರಿ ಹಿಡಿಯಿರಿ. ವ್ಯತ್ಯಾಸ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಓಡಾಟದ ಶೇ 25ರಿಂದ 30 ಇದ್ದರೆ ಸಾಕು. ಎಫ್3 ಮಾದರಿಯಲ್ಲಿ ಮುಂದಿನ ಓಡಾಟ 129 ಮಿಲಿಮೀಟರ್, ಅಂದರೆ ಸ್ಯಾಗ್ 32ರಿಂದ 39. ಪ್ರಿಲೋಡ್ ಹೊಂದಿಸುವ ಕಾಲರನ್ನು ಎರಡೂ ಬದಿಗೆ ಎಣಿಸಿ ಸಮನಾಗಿ ತಿರುಗಿಸಿ. ರಿಬೌಂಡ್ (ಕುಗ್ಗಿದ ಶಾಕ್ ಮರಳಿ ಚಾಚುವ ವೇಗಕ್ಕೆ ತಡೆ) ಹೊಂದಿಸುವ ತಿರುಪು ಇದ್ದರೆ ಪೂರ್ತಿ ಮುಚ್ಚಿದಲ್ಲಿಂದ ಕ್ಲಿಕ್ ಎಣಿಸಿ ಬರೆದಿಟ್ಟು, ಒಮ್ಮೆಗೆ ಎರಡೇ ಕ್ಲಿಕ್ ಬದಲಿಸಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ಉಬ್ಬು ದಾಟಿದ ಮೇಲೆ ಎರಡು ಮೂರು ಸಲ ತೂಗಿದರೆ ರಿಬೌಂಡ್ ಕಡಿಮೆ. ಸಾಲು ಉಬ್ಬುಗಳಲ್ಲಿ ಮುಂಭಾಗ ಕ್ರಮೇಣ ಕುಗ್ಗಿ ಕೂತರೆ ಹೆಚ್ಚಾಗಿದೆ.

ಹಿಂದಿನ ಒಂಟಿ ಶಾಕ್ ಬದಲಿಸುವುದು ಒಬ್ಬರೇ ಓಡಿಸುವವರಿಗೆ ಅಷ್ಟು ತುರ್ತಲ್ಲ.

ಅಲೈನ್‌ಮೆಂಟ್ ಮತ್ತು ತೊಂದರೆ

ಮುಂಭಾಗದ ಎತ್ತರ ಬದಲಾದರೆ ಟೈ ರಾಡ್‌ಗಳ ಕೋನವೂ ಬದಲಾಗಿ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೆಡುತ್ತದೆ. ಎರಡು ಮುಂದಿನ ಚಕ್ರಗಳನ್ನು ಪರಸ್ಪರ ಅಳೆದರೆ ಸಾಲದು, ಹಿಂದಿನ ಚಕ್ರದ ನಡುರೇಖೆಗೆ ಎಡಬಲ ಎರಡೂ ಸಮನಾಗಿರಬೇಕು. ಸಾಮಾನ್ಯ ಕಾರ್ ಅಲೈನ್‌ಮೆಂಟ್ ಅಂಗಡಿಯ ಯಂತ್ರ ನಾಲ್ಕು ಚಕ್ರ ನಿರೀಕ್ಷಿಸುವುದರಿಂದ, ಸ್ಪೈಡರ್‌ಗೆ ಲೇಸರ್ ಅಲೈನ್‌ಮೆಂಟ್ ಮಾಡುವವರನ್ನೇ ಹುಡುಕಿ. ಗಾಳಿಗೆ ಸರಿಯುವ ದೂರು ಬಹುಪಾಲು ಕಳೆಯುವುದು ಇಲ್ಲಿ.

ಆಮೇಲೆ ಟಕ್ ಟಕ್ ಶಬ್ದ ಬಂದರೆ ಲಿಂಕಿನ ನಟ್ಟು ನೋಡಿ, ಕೀಚಲು ಬಂದರೆ ಬುಷ್ ಒಣಗಿದೆ. ಹ್ಯಾಂಡಲ್ ನೇರವಿದ್ದರೂ ವಾಹನ ಎಳೆದರೆ ಒಂದು ಲಿಂಕ್ ಬಿಚ್ಚಿ ಓಡಿಸದೆ ನಿಲ್ಲಿಸಿಯೇ ಬೋಲ್ಟು ಸಲೀಸಾಗಿ ಜಾರುತ್ತದೆಯೇ ಪರೀಕ್ಷಿಸಿ. ಜಾರಿದರೆ ತಪ್ಪು ಅಲೈನ್‌ಮೆಂಟಿನದು. ಒಳಚಕ್ರ ಹಗುರಾದಾಗ ಎಂಜಿನ್ ಶಕ್ತಿ ಕಡಿತಗೊಳಿಸಿ ಬ್ರೇಕ್ ಹಿಡಿಯುವ ಸ್ಥಿರತಾ ವ್ಯವಸ್ಥೆ ಮೂಲ ಭಾಗಗಳನ್ನು ಲೆಕ್ಕಕ್ಕಿಟ್ಟುಕೊಂಡೇ ರೂಪುಗೊಂಡದ್ದು, ಅದರ ಸೆನ್ಸರ್‌ಗಳ ಜಾಗ ಬದಲಿಸಬೇಡಿ. ಕೆಲಸ ಮುಗಿದ ಮೇಲೂ ಅದರ ಎಚ್ಚರಿಕೆ ದೀಪ ಆರದಿದ್ದರೆ ಓಡಿಸದೆ, ಬಿಆರ್‌ಪಿಯ ಬಡ್ಸ್ ಎಂಬ ದೋಷ ಪತ್ತೆ ತಂತ್ರಾಂಶ ಇರುವ ಡೀಲರ್ ಹತ್ತಿರ ಸ್ಟೀರಿಂಗ್ ಕೋನದ ಸೆನ್ಸರ್ ಪರೀಕ್ಷಿಸಿಕೊಳ್ಳಿ.