ಮೊದಲು ಒರೆಸಿ, ಆಮೇಲೆ ಮುಲಾಮು ಹಚ್ಚಿ

ಮಲೆನಾಡಿನಲ್ಲಿ ನಾಟಿ ಶುರುವಾಯಿತೆಂದರೆ ನನ್ನ ಔಷಧಿ ಅಂಗಡಿಗೆ ಬರುವವರು ಬಾಯಿ ಬಿಡುವ ಮೊದಲು ಚಪ್ಪಲಿ ಬಿಡುತ್ತಾರೆ. ಮೆಟ್ಟಿಲ ಮೇಲೆ ಕಾಲಿಟ್ಟು ಕಿರುಬೆರಳನ್ನು ಬಿಡಿಸಿ ತೋರಿಸುತ್ತಾರೆ. ಸಂದಿಯ ಚರ್ಮ ನೆನೆದ ಅವಲಕ್ಕಿಯ ಹಾಗೆ ಬಿಳಿಚಿಕೊಂಡಿರುತ್ತದೆ, ನಡುವೆ ಕೆಂಪಗೆ ಒಂದು ಸೀಳು. ‘ಕೆಸರು ಹುಣ್ಣು, ಬೇಗ ಕಡಿಮೆಯಾಗುವಂಥದ್ದು ಏನಾದರೂ ಕೊಡಿ ಅಣ್ಣಾ.’ ಆ ‘ಬೇಗ’ ಎಂಬುದರಲ್ಲಿಯೇ ಅರ್ಧ ರೋಗವಿದೆ.

ಮೊದಲು ಏನಾಗಿದೆ ಎಂದು ನೋಡಿಕೊಳ್ಳಿ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ತುರಿಕೆ, ಸಿಪ್ಪೆ ಏಳುವುದು ಇದ್ದರೆ ಸಾಮಾನ್ಯವಾಗಿ ಅದು ಶಿಲೀಂಧ್ರ, ಅಂದರೆ ಫಂಗಸ್. ಅಂಗಾಲಿನ ಗೆರೆಗಳಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಹೊಟ್ಟು ಕಾಣಿಸಿದರೂ ಅದೇ ಇರಬಹುದು. ಒಣ ಚರ್ಮವೆಂದು ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡವರನ್ನು ಕಂಡಿದ್ದೇನೆ. ದಿನವಿಡೀ ಗಂಬೂಟು ಹಾಕುವವರ ಹಿಮ್ಮಡಿಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳೂ ಕೆಟ್ಟ ವಾಸನೆಯೂ ಇದ್ದರೆ ಅದು ಬ್ಯಾಕ್ಟೀರಿಯಾದ ಕೆಲಸ. ಅದಕ್ಕೆ ಬೇರೆ ಲೋಷನ್ ಬೇಕು, ವೈದ್ಯರಿಂದ ಬರೆಸಿಕೊಂಡು ಬನ್ನಿ. ಉಗುರು ಹಳದಿಯಾಗಿ ದಪ್ಪಗಾಗಿದ್ದರೆ ಮುಲಾಮಿಗೆ ದುಡ್ಡು ಸುರಿಯಬೇಡಿ, ಅದು ಒಳಗಿಳಿಯುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರು, ಆನೆಕಾಲು ಇರುವವರು ಸಣ್ಣ ಸೀಳನ್ನೂ ವೈದ್ಯರಿಗೇ ತೋರಿಸಬೇಕು. ಪಾದ ಕೆಂಪಾಗಿ ಬಿಸಿಯೇರಿ, ಊತ ಮೇಲಕ್ಕೆ ಹತ್ತಿ ಚಳಿಜ್ವರ ಬಂದರೆ ಯಾರೇ ಆಗಲಿ ಅಂದೇ ಆಸ್ಪತ್ರೆಗೆ ಹೋಗಬೇಕು, ಮರುದಿನದ ಬಸ್ಸಿಗೆ ಕಾಯುವಂತಿಲ್ಲ.

ಸಂದಿಯಿಂದ ನೀರು ಸೋರುತ್ತಿದ್ದರೆ ಮುಲಾಮು ನಿಲ್ಲುವುದಿಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟಿನ ನಾಲ್ಕಾರು ಹರಳುಗಳನ್ನು ಒಂದು ಬಕೆಟ್ ನೀರಿಗೆ ಹಾಕಿ, ತಿಳಿಗುಲಾಬಿ ಬಣ್ಣ ಬಂದರೆ ಸಾಕು, ಹತ್ತು ನಿಮಿಷ ಕಾಲು ಮುಳುಗಿಸಿ. ಕಡುನೇರಳೆ ಮಾಡಿಕೊಂಡರೆ ಚರ್ಮ ಸುಡುತ್ತದೆ. ಕರಗದ ಹರಳು ತಳದಲ್ಲಿ ಉಳಿದಿದ್ದರೂ ಅದು ತಾಗಿದ ಜಾಗ ಸುಡುತ್ತದೆ, ಆದ್ದರಿಂದ ಚೆನ್ನಾಗಿ ಕದಡಿ. ಉಗುರು ಕಂದಾಗುವುದಕ್ಕೆ ಹೆದರಬೇಡಿ. ದನದ ಗೊರಸಿಗೆಂದು ಮಾಡಿದ ಮೈಲುತುತ್ತದ ನೀರಿನಲ್ಲಿ ಕಾಲದ್ದಿ ಬಂದ ಒಬ್ಬರಿದ್ದರು. ಅವರ ಹುಣ್ಣು ವಾಸಿಯಾಗುವುದಕ್ಕೆ ದೀಪಾವಳಿ ಬಂತು.

ಇನ್ನು ಒರೆಸುವುದು. ಎಲ್ಲರೂ ಎಡವುವುದು ಇಲ್ಲಿಯೇ. ಸ್ನಾನ ಮುಗಿಸಿ, ಮೈಯೆಲ್ಲ ಒರೆಸಿ, ಒದ್ದೆಯಾದ ಟವೆಲನ್ನು ಕೊನೆಗೆ ಪಾದದ ಮೇಲೊಮ್ಮೆ ಆಡಿಸಿದರೆ ಸಂದಿಯ ನೀರು ಸಂದಿಯಲ್ಲೇ ಉಳಿಯುತ್ತದೆ. ಹಳೆಯ ಹತ್ತಿ ಪಂಚೆಯನ್ನು ಕೈವಸ್ತ್ರದಷ್ಟಗಲ ಹರಿದು, ಹತ್ತು ಹನ್ನೆರಡು ತುಂಡು ಮಾಡಿಟ್ಟುಕೊಳ್ಳಿ. ಕಾಲನ್ನು ಮೊಣಕಾಲ ಮೇಲೆ ಹಾಕಿ ಕುಳಿತುಕೊಳ್ಳಿ, ನಿಂತುಕೊಂಡು ಈ ಕೆಲಸ ಆಗುವುದಿಲ್ಲ. ಎಡಗೈಯಿಂದ ಎರಡು ಬೆರಳನ್ನು ಬಿಡಿಸಿ ಹಿಡಿದು, ಬಟ್ಟೆಯ ಒಣ ತುದಿಯನ್ನು ಸಂದಿಯ ಬುಡಕ್ಕೆ ಮುಟ್ಟಿಸಿ ಒತ್ತಿ. ತಿಕ್ಕಬೇಡಿ, ಚರ್ಮ ಕಿತ್ತುಬರುತ್ತದೆ. ಬೆರಳುಗಳ ಅಡಿಭಾಗದ ಮಡಿಕೆಯನ್ನು ಮರೆಯಬೇಡಿ. ಮುಂದಿನ ಸಂದಿಗೆ ಬಟ್ಟೆಯ ಬೇರೆ ತುದಿ ಬಳಸಿ. ಆಮೇಲೆ ಐದು ನಿಮಿಷ ಫ್ಯಾನಿನ ಕೆಳಗೆ ಬೆರಳು ಬಿಡಿಸಿ ಕುಳಿತಿರಿ. ಬಿಳಿಚಿದ ಚರ್ಮದ ಹೊಳಪು ಹೋಗಿ ಮಬ್ಬಾದಾಗ ಒಣಗಿತೆಂದು ತಿಳಿಯಿರಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದ ಮೇಲೆಯೇ ಮತ್ತೆ ಬಳಸಬೇಕು. ಪೌಡರು ಉದುರಿಸಿ ಒಣಗಿಸುತ್ತೇನೆ ಎನ್ನುವವರಿಗೆ ನನ್ನ ಉತ್ತರ ಒಂದೇ: ಒದ್ದೆ ಸಂದಿಗೆ ಬಿದ್ದ ಪೌಡರು ಹಿಟ್ಟಿನ ಮುದ್ದೆಯಾಗುತ್ತದೆ.

ಒಣಗಿದ ಮೇಲೆ ಒಂದು ಶೇಕಡಾ ಕ್ಲೋಟ್ರಿಮಜೋಲ್ ಮುಲಾಮನ್ನು ಬೆಳಿಗ್ಗೆ ಮತ್ತು ರಾತ್ರಿ ತೆಳ್ಳಗೆ ಹಚ್ಚಿ, ಹುಣ್ಣಿನಾಚೆ ಒಂದಂಗುಲ ಚೆನ್ನಾಗಿರುವ ಚರ್ಮಕ್ಕೂ ಸೇರಿಸಿ. ಮೂರನೇ ದಿನ ತುರಿಕೆ ನಿಲ್ಲುತ್ತದೆ, ನಾಲ್ಕನೇ ದಿನ ಟ್ಯೂಬು ಕಿಟಕಿಯ ಮೇಲೆ ಹೋಗಿ ಕೂರುತ್ತದೆ. ಹಾಗೆ ಮಾಡಬೇಡಿ. ಹುಣ್ಣು ಪೂರ್ತಿ ಮಾಯವಾದ ಮೇಲೆಯೂ ಎರಡು ವಾರ ಹಚ್ಚಬೇಕು, ಒಟ್ಟು ಸುಮಾರು ನಾಲ್ಕು ವಾರವಾಗುತ್ತದೆ. ಎರಡು ವಾರ ಕಳೆದರೂ ಬದಲಾವಣೆ ಕಾಣದಿದ್ದರೆ ಚರ್ಮದ ವೈದ್ಯರಲ್ಲಿಗೆ ಹೋಗಿ.

‘ಒಂದೇ ರಾತ್ರಿಗೆ ಕಡಿಮೆ’ ಮಾಡುವ ಟ್ಯೂಬ್ ಕೇಳಬೇಡಿ, ನಾನಂತೂ ಚೀಟಿಯಿಲ್ಲದೆ ಕೊಡುವುದಿಲ್ಲ. ಟ್ಯೂಬಿನ ಬೆನ್ನಿನ ಸಣ್ಣಕ್ಷರ ಓದಿ. ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದಿದ್ದರೆ ಅದರಲ್ಲಿ ಸ್ಟೆರಾಯ್ಡ್ ಇದೆ. ಕಳ್ಳ ಒಳಗಿರುವಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ ಅದು ತುರಿಕೆಯನ್ನು ಅಡಗಿಸುತ್ತದೆ, ಫಂಗಸ್ ಮಾತ್ರ ಸದ್ದಿಲ್ಲದೆ ಹರಡುತ್ತದೆ. ಚರ್ಮ ತೆಳುವಾಗುವುದು ಬೇರೆ. ಆಷಾಢದಲ್ಲಿ ಮದರಂಗಿ ಹಚ್ಚಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಆದರೆ ಸೀಳು ಬಿಟ್ಟ ಹುಣ್ಣಿಗೆ ಅದು ಔಷಧಿಯಲ್ಲ.

ಗಂಬೂಟು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ರಾತ್ರಿ ಒಳಗೆ ಹಳೆಯ ಪೇಪರ್ ತುರುಕಿಟ್ಟರೆ ಬೆಳಿಗ್ಗೆ ತೇವ ಹೀರಿರುತ್ತದೆ. ಓದಿಯಾದ ಮೇಲೆ ಈ ಪುರವಣಿಯೂ ಆದೀತು. ಹುಣ್ಣಿರುವಷ್ಟು ದಿನ ಒಳಚಡ್ಡಿಗಿಂತ ಮೊದಲು ಕಾಲುಚೀಲ ಹಾಕಿಕೊಳ್ಳಿ. ನಗಬೇಡಿ, ಬರಿಗಾಲನ್ನು ಚಡ್ಡಿಯೊಳಗೆ ತೂರಿಸುವಾಗಲೇ ಬೆರಳಿನ ಫಂಗಸ್ ತೊಡೆಸಂದಿಗೆ ಹೋಗುವುದು.