ಅಬ್ಸಿಡಿಯನ್ ಟಿಪ್ಪಣಿಗಳಲ್ಲಿ ಎಮೋಜಿ ಹಾಕಲು ಶಾರ್ಟ್‌ಕಟ್ ಹೊಂದಿಸುವುದು

ಅಬ್ಸಿಡಿಯನ್ ಎಂಬ ಟಿಪ್ಪಣಿ ಬರೆಯುವ ತಂತ್ರಾಂಶದಲ್ಲಿ ಎಮೋಜಿ ಅಲಂಕಾರಕ್ಕಿಂತ ಗುರುತಾಗಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮತ್ತೆ ನೋಡಬೇಕಾದ ಸಾಲಿಗೆ 📌, ಸಂದೇಹವಿರುವ ಕಡೆ ❓, ಹೊಸದಾಗಿ ಹೊಳೆದದ್ದಕ್ಕೆ 💡 ಎಂದು ನಿಗದಿ ಮಾಡಿಕೊಂಡರೆ ಸಾಕು. ಅಲ್ಲಿನ ಟಿಪ್ಪಣಿಗಳು ಮಾರ್ಕ್‌ಡೌನ್ ಎಂಬ ಸಾದಾ ಪಠ್ಯದ ಫೈಲುಗಳಾದ್ದರಿಂದ ಎಮೋಜಿಯೂ ಒಂದು ಅಕ್ಷರದಂತೆಯೇ ಉಳಿಯುತ್ತದೆ. ಹುಡುಕುವ ಜಾಗದಲ್ಲಿ 📌 ಹಾಕಿದರೆ ಆ ಗುರುತಿರುವ ಟಿಪ್ಪಣಿಗಳು ಒಟ್ಟಿಗೆ ಎದುರಿಗೆ ಬರುತ್ತವೆ. ಆದರೆ ಇದಕ್ಕೆ ಪ್ರತಿ ಸಲವೂ ಅದೇ ಎಮೋಜಿ ಬೀಳಬೇಕು, ಬರೆಯುವ ಓಟವೂ ತಡೆಯಬಾರದು.

ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿಯ ಜೊತೆ ಪೂರ್ಣವಿರಾಮ ಒತ್ತಿದರೆ, ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಎಮೋಜಿ ಫಲಕ ತೆರೆಯುತ್ತದೆ. ಅಪರೂಪಕ್ಕೆ ಬೇಕಾಗುವ ಎಮೋಜಿಗೆ ಇಷ್ಟೇ ಸಾಕು. ದಿನವೂ ಹತ್ತಾರು ಸಲ ಬಳಸುವ ನಾಲ್ಕೈದು ಗುರುತುಗಳಿಗೆ ಮಾತ್ರ ನೇರವಾದ ಕೀಲಿಯೇ ಬೇಕು.

ಅದಕ್ಕಾಗಿ ನಾನು ಟೆಂಪ್ಲೇಟರ್ ಎಂಬ ಪ್ಲಗಿನ್ನನ್ನು, ಅಂದರೆ ಮೊದಲೇ ಬರೆದಿಟ್ಟ ಪಠ್ಯವನ್ನು (ಟೆಂಪ್ಲೇಟ್) ಟಿಪ್ಪಣಿಯಲ್ಲಿ ಸೇರಿಸುವ ಹೆಚ್ಚುವರಿ ಸೌಲಭ್ಯವನ್ನು, ಆರಿಸಿಕೊಂಡಿದ್ದೇನೆ. ಸೆಟ್ಟಿಂಗ್ಸ್‌ನ ಕಮ್ಯುನಿಟಿ ಪ್ಲಗಿನ್ಸ್ ವಿಭಾಗದಲ್ಲಿ ಅದನ್ನು ಹುಡುಕಿ, ಇನ್‌ಸ್ಟಾಲ್ ಮಾಡಿ, ಎನೇಬಲ್ ಮಾಡಿರಿ. ಅನಂತರ ‘ಗುರುತುಗಳು’ ಎಂಬ ಫೋಲ್ಡರ್ ತೆರೆದು, ಒಂದೊಂದು ಎಮೋಜಿಗೆ ಒಂದೊಂದು ಟಿಪ್ಪಣಿ ಮಾಡಿ, ಅದರೊಳಗೆ ಆ ಎಮೋಜಿಯನ್ನೂ ಅದರ ಮುಂದೆ ಒಂದು ಸ್ಪೇಸನ್ನೂ ಮಾತ್ರ ಇಡಿರಿ. ಕೊನೆಯಲ್ಲಿ ಎಂಟರ್ ಒತ್ತಬಾರದು. ಒತ್ತಿದರೆ ಎಮೋಜಿ ಬಿದ್ದ ಕೂಡಲೇ ಸಾಲು ಮುರಿಯುತ್ತದೆ. ಟೆಂಪ್ಲೇಟರ್‌ನ ಸೆಟ್ಟಿಂಗ್ಸ್‌ನಲ್ಲಿ ಈ ಫೋಲ್ಡರನ್ನು ಟೆಂಪ್ಲೇಟ್‌ಗಳ ಜಾಗವೆಂದು ತಿಳಿಸಿ, ಕೆಳಗಿರುವ ಟೆಂಪ್ಲೇಟ್ ಹಾಟ್‌ಕೀಸ್ ಭಾಗದಲ್ಲಿ ಪ್ರತಿ ಫೈಲನ್ನೂ ಸೇರಿಸಿರಿ. ಆಗ ಅವು ಅಬ್ಸಿಡಿಯನ್‌ನ ಹಾಟ್‌ಕೀಸ್ ಪಟ್ಟಿಯಲ್ಲಿ ಬೇರೆ ಬೇರೆ ಆಜ್ಞೆಗಳಾಗಿ ಕಾಣಿಸಿಕೊಳ್ಳುತ್ತವೆ, ಒಂದೊಂದಕ್ಕೂ ಬೇಕಾದ ಕೀಲಿ ಕೊಡಬಹುದು.

ಯಾವ ಕೀಲಿ ಕೊಡಬೇಕೆಂಬುದನ್ನು ಕನ್ನಡದಲ್ಲಿ ಬರೆಯುವವರು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಕನ್ನಡ ಕೀಲಿವಿನ್ಯಾಸಕ್ಕೆ ಬಂದೊಡನೆ ಅಕ್ಷರದ ಕೀಲಿಗಳು ಬೇರೆಯೇ ಆಗುತ್ತವೆ. ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಶಿಫ್ಟ್ ಜೋಡಿ ಭಾಷೆ ಬದಲಾಯಿಸಲು ಬಳಕೆಯಾಗುತ್ತದೆ. ಕಂಟ್ರೋಲ್ ಮತ್ತು ಆಲ್ಟ್ ಜೋಡಿಯನ್ನು ಹಲವು ವಿನ್ಯಾಸಗಳು ಹೆಚ್ಚಿನ ಅಕ್ಷರಗಳಿಗಾಗಿ ಕಾದಿರಿಸಿರುತ್ತವೆ. ಕಂಟ್ರೋಲ್ ಜೊತೆ ಅಂಕಿ ಒತ್ತಿದರೆ ಅಬ್ಸಿಡಿಯನ್ ಇನ್ನೊಂದು ಟ್ಯಾಬಿಗೆ ಹಾರುತ್ತದೆ. ಆದ್ದರಿಂದ ಆಲ್ಟ್ ಜೊತೆ ಮೇಲಿನ ಸಾಲಿನ ಅಂಕಿಯನ್ನು ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಒಳ್ಳೆಯದೆನಿಸಿದೆ: 1ಕ್ಕೆ 📌, 2ಕ್ಕೆ ❓, 3ಕ್ಕೆ 💡. ಹೊಂದಿಸಿದ ಮೇಲೆ ಇಂಗ್ಲಿಷ್ ವಿನ್ಯಾಸದಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಒತ್ತಿ ಪರೀಕ್ಷಿಸಿರಿ.

ಮಾಡಬೇಕಾದ ಕೆಲಸಗಳ ಲೆಕ್ಕವಿಡುವ ಟಾಸ್ಕ್ಸ್ ಪ್ಲಗಿನ್ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಆ ಪ್ಲಗಿನ್ ಎಮೋಜಿಗಳನ್ನೇ ಓದಿ ಅರ್ಥ ಮಾಡಿಕೊಳ್ಳುತ್ತದೆ: 📅 ಎಂದರೆ ಕೆಲಸ ಮುಗಿಸಬೇಕಾದ ದಿನ, ⏳ ಎಂದರೆ ಅದನ್ನು ಕೈಗೆತ್ತಿಕೊಳ್ಳಲು ಗೊತ್ತುಮಾಡಿದ ದಿನ, 🔁 ಎಂದರೆ ಮರುಕಳಿಸುವ ಕೆಲಸ, ✅ ಎಂದರೆ ಮುಗಿದ ದಿನ. 📅 ಆದಮೇಲೆ ದಿನಾಂಕವನ್ನು 2025-03-10 ಎಂಬ ಕ್ರಮದಲ್ಲೇ ಬರೆಯಬೇಕು. ಈ ಎಮೋಜಿಗಳನ್ನು ಬೇರೆ ಅರ್ಥಕ್ಕೆ ಬಳಸದಿರುವುದು ಕ್ಷೇಮ.

ನೋಟಕ್ಕೆ ಹತ್ತಿರವಾದರೂ ✔ ಮತ್ತು ✅ ಬೇರೆ ಬೇರೆ ಅಕ್ಷರಗಳು. ಮೊದಲನೆಯದು ಕೆಲವೆಡೆ ಬಣ್ಣವಿಲ್ಲದ ಸಾದಾ ಚಿಹ್ನೆಯಾಗಿ ಕಾಣುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಹಳೆಯ ಟಿಪ್ಪಣಿಗಳಲ್ಲಿ ಎರಡೂ ಬೆರೆತಿದ್ದರೆ, ಹೊಸ ಶಾರ್ಟ್‌ಕಟ್ ಬಳಸತೊಡಗುವ ಮುನ್ನವೇ ✔ ಹುಡುಕಿ ತೆಗೆದು, ನೀವು ಕೀಲಿಗೆ ಕಟ್ಟಿದ ಗುರುತನ್ನು ಆ ಜಾಗದಲ್ಲಿ ಇಡಿರಿ.